ಭಾಷಣದ ಟೈಲರ್ ಬೆಕ್ಕಾದದ್ದು

ಬೀದಿಯವರೆಲ್ಲ ಅವನನ್ನು ಭಾಷಣದ ಟೈಲರ್ ಎಂದೇ ಕರೆಯುತ್ತಿದ್ದರು. ಅಳತೆ ಕೊಡಲು ಬಂದವರು ಕೈ ಅಗಲಿಸಿ ನಿಂತಮೇಲೆ ಓಡಿಹೋಗುವಂತಿರಲಿಲ್ಲವಲ್ಲ, ಆಗ ಶುರು: "ಈಗಿನ ಮಕ್ಕಳು ಮೊಬೈಲಲ್ಲಿ ಮುಳುಗಿ ಕೆಟ್ಟು ಕೆರ ಹಿಡಿದುಹೋಗಿದಾವೆ ಸ್ವಾಮಿ. ತಂದೆತಾಯಿ ಕೂತು ಮಾತಾಡಿಸ್ಬೇಕು." ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಬಟ್ಟೆಗೆ ಚುಚ್ಚುವಾಗ ಮಾತ್ರ ಅವನ ಬಾಯಿಗೆ ಬಿಡುವು. "ಅಷ್ಟು ಹೊತ್ತು ನನ್ನ ಕಿವಿಗೂ ರಜ," ಎನ್ನುತ್ತಿದ್ದಳು ಪಕ್ಕದಲ್ಲಿ ಗುಂಡಿ ಹೊಲಿಯುವ ಹೆಂಡತಿ.

ಇಂಥವನ ಜೊತೆ ಹತ್ತನೇ ಕ್ಲಾಸಿನ ಮಗಳು ಮಾತೇ ಬಿಟ್ಟಿದ್ದಳು. ಜಗಳವೇನಿಲ್ಲ. ಕೇಳಿದ್ದಕ್ಕೆಲ್ಲ "ಹೂಂ", ಮತ್ತೆ ಕೇಳಿದರೆ "ಏನಿಲ್ಲ". ಕೊನೆಗೆ ಟೈಲರ್ ಯಾವ ಮೊಬೈಲನ್ನು ಬೈದು ಬೈದು ಹೆಸರು ಮಾಡಿದ್ದನೋ ಅದೇ ಮೊಬೈಲಿನಲ್ಲಿ ಒಂದು ಬೆಕ್ಕಿನ ಫೋಟೋ ಹಾಕಿ, 'ಮುದ್ದುಬೆಕ್ಕು' ಎಂದು ಖಾತೆ ತೆರೆದು, ಬೇರೆ ಶಾಲೆಯ ಹುಡುಗಿ ಎಂದು ಹೇಳಿಕೊಂಡು ಮಗಳ ಸ್ನೇಹ ಸಂಪಾದಿಸಿದ.

ಟೈಪ್ ಮಾಡುವುದು ಅವನಿಗೆ ಸರಿಯಾಗಿ ಬಾರದು. ಒಂದು ಅಕ್ಷರ ಹುಡುಕುವಷ್ಟರಲ್ಲಿ ಮಗಳಿಂದ ನಾಲ್ಕು ಸಾಲು ಬಂದಿರುತ್ತಿತ್ತು. ಹಾಗಾಗಿ ಬೆಕ್ಕು "ಆಮೇಲೆ?" ಎಂದಷ್ಟೇ ಬರೆಯುತ್ತಿತ್ತು. ಮಗಳು ಹೇಳುತ್ತಲೇ ಹೋದಳು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮೊಬೈಲ್ ಹಿಡಿದು ಅವನು ಕದ್ದು ಓದುತ್ತಿದ್ದ ಚಂದ ಕಂಡಿದ್ದರೆ ಯಾವ ಮೇಷ್ಟ್ರಾದರೂ ಕಿವಿ ಹಿಂಡುತ್ತಿದ್ದರು.

ಒಂದು ದಿನ ಮಗಳು ಬರೆದಳು: "ಕ್ಲಾಸಿನ ಗ್ರೂಪಿಂದ ನನ್ನ ತೆಗೆದುಹಾಕಿದ್ರು. ನನ್ನ ಯೂನಿಫಾರಂ ನೋಡಿ ಗೋಣಿಚೀಲ ಅಂತ ನಕ್ಕರು. ಊಟಕ್ಕೆ ಈಗ ಒಬ್ಳೇ ಕೂತ್ಕೋತೀನಿ." ಜೊತೆಗೆ ಅದೇ ಬಟ್ಟೆಯಲ್ಲಿ ಅವಳ ಫೋಟೋ.

ಹೊಲಿದವನು ಅವನೇ. ಬೆಳೆಯುವ ಮಕ್ಕಳಿಗೆ, ಮುಂದಿನ ವರ್ಷಕ್ಕೂ ಬರಲಿ ಎಂದು, ದೊಗಲೆಯಾಗಿ ಹೊಲಿದು ಒಳಗೂ ಧಾರಾಳವಾಗಿ ಬಟ್ಟೆ ಬಿಡುವುದು ಅವನ ಹೆಮ್ಮೆ. ತಾನು ಬೆಕ್ಕೆಂಬುದನ್ನೇ ಮರೆತು ಮೊದಲ ಸಲ ಉದ್ದಕ್ಕೆ ಬರೆದ: "ಅಳಬೇಡ. ಭುಜ ಇಳಿಬಿದ್ದಿದೆ, ಅಷ್ಟೇ. ತೋಳು ಬಿಚ್ಚಿ ಎರಡು ಬೆರಳು ಒಳಗೆ ಹಿಡಿದು, ಕಂಕುಳಿಂದ ಕೆಳಗೆ ಹೊಸ ಹೊಲಿಗೆ ಹಾಕಿದ್ರೆ ಸರಿಹೋಗತ್ತೆ."

ಉತ್ತರ ಬರಲಿಲ್ಲ. ಸಂಜೆ ಮಗಳೇ ಅಂಗಡಿಗೆ ಬಂದಳು, ಯೂನಿಫಾರಂನಲ್ಲೇ.

"ಅಪ್ಪ, ನನ್ನ ವಯಸ್ಸಿನ ಯಾವ ಹುಡುಗಿ ಕಂಕುಳ ಹೊಲಿಗೆ ಬಗ್ಗೆ ಮಾತಾಡ್ತಾಳೆ?"

ಹೆಂಡತಿ ಗುಂಡಿ ಕೆಳಗಿಟ್ಟಳು. ಟೈಲರ್ ಗಂಟಲು ಸರಿಮಾಡಿಕೊಂಡ. "ನೋಡು ಪುಟ್ಟಿ, ಈಗಿನ ಕಾಲದಲ್ಲಿ ತಂದೆತಾಯಿ ಆದವರು..."

"ಶುರುವಾಯ್ತು! ಬೆಕ್ಕಾಗಿದ್ದಾಗ ಎಷ್ಟು ಚೆನ್ನಾಗಿ ಕೇಳಿಸ್ಕೊತಿದ್ದೆ." ಹುಡುಗಿ ದೊಗಲೆ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು. "ನಂಗೆ ಉಳಿದಿದ್ದು ಅದೊಂದೇ ಫ್ರೆಂಡ್ ಅಪ್ಪ. ಅದೂ ನೀನೇ ಆಗ್ಬಿಟ್ಟೆ."

ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹೇಳಬೇಕಾದ ಮಾತುಗಳು ಬಾಯಿತುಂಬ ಇದ್ದವು. ಒಂದನ್ನೂ ಆಡದೆ ಡಬ್ಬಿಯಿಂದ ಗುಂಡುಸೂಜಿಗಳನ್ನು ತೆಗೆದು ತುಟಿಯಲ್ಲಿ ಕಚ್ಚಿಕೊಂಡು ಮಗಳ ಭುಜದ ಕಡೆ ಬಗ್ಗಿದ.

ಮಗಳು ಕೈ ಅಗಲಿಸಿ, ಗೋಣಿಚೀಲ ಎಂದು ಮೊದಲು ನಕ್ಕವಳು ಯಾರು ಎಂಬಲ್ಲಿಂದ ಹೇಳತೊಡಗಿದಳು. ಭುಜಕ್ಕೆ ಎರಡು ಸೂಜಿ ಸಾಕಾಗಿತ್ತು. ಉಳಿದವನ್ನು ಅವನು ಬಾಯಿಂದ ತೆಗೆಯಲೇ ಇಲ್ಲ.