ಮಿಂಚು ಕಂಡ ಮೇಲಿನ ಎಣಿಕೆ

ನಿನ್ನೆ ಮಧ್ಯಾಹ್ನ ನೋಯ್ಡಾದ ನಮ್ಮ ಬಾಲ್ಕನಿಯ ಜಾಲರಿಯಿಂದ ಬಿಸಿ ಧೂಳಿನ ವಾಸನೆ ಒಳಗೆ ನುಗ್ಗಿತು. ಧೂಳಿನ ಬಿರುಗಾಳಿಗೆ ಮುಂಚೆ ಬರುವ ವಾಸನೆ. ಕಿಟಕಿ ಮುಚ್ಚಲು ಎದ್ದವಳಿಗೆ ಸುಬೇದಾರ್ ಅಂಕಲ್ ನೆನಪಾದರು...

ಎರಡು ಸಾವಿರದ ದಶಕದ ಮೊದಮೊದಲು, ಮದುವೆಯಾದ ಹೊಸತರಲ್ಲಿ, ನಾವು ದೆಹಲಿಯ ಮಯೂರ್ ವಿಹಾರದಲ್ಲಿ ಮೂರನೆಯ ಮಹಡಿಯಲ್ಲಿದ್ದೆವು. ಎದುರು ಬಾಗಿಲು ಅವರದು. ಕೊಡಗಿನವರು. ಸೈನ್ಯದಲ್ಲಿ ಫಿರಂಗಿ ಹಾರಿಸಿ ಹಾರಿಸಿ ಎರಡೂ ಕಿವಿ ಕಳೆದುಕೊಂಡಿದ್ದರು. ಎದುರು ನಿಂತು ಕೂಗಿ ಹೇಳಿದರೆ ಮಾತ್ರ ಕೇಳುತ್ತಿತ್ತು.

ನನಗೋ ಗುಡುಗೆಂದರೆ ಜೀವ ಬಾಯಿಗೆ ಬರುತ್ತಿತ್ತು. ಮಿಂಚಿದರೆ ಸಾಕು, ಅಮ್ಮ ಚಿಕ್ಕಂದಿನಲ್ಲಿ ಕಲಿಸಿದಂತೆ ಕಣ್ಣು ಕಿವಿ ಮುಚ್ಚಿಕೊಂಡು ಅರ್ಜುನ, ಫಲ್ಗುಣ, ಪಾರ್ಥ ಎಂದು ಹತ್ತೂ ಹೆಸರು ಒದರುತ್ತಿದ್ದೆ. ಅಂಕಲ್ ನಗುತ್ತಿದ್ದರು.

"ಅರ್ಜುನನ್ನ ಯಾಕಮ್ಮ ಕರೀತೀಯ? ಮಿಂಚು ಹೋದ ದಾರೀಲಿ ಗಾಳಿ ಕಾದು ಒಂದೇ ಸಲಕ್ಕೆ ಸಿಡಿಯುತ್ತೆ. ಅದೇ ಗುಡುಗು. ನಮ್ಮ ಫಿರಂಗಿ ಥರಾನೇ. ಬೆಳಕು ಮೊದಲು, ಸದ್ದು ಆಮೇಲೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್."

ಆದರೆ ಸದ್ದು ಅವರಿಗೆ ಕೇಳಬೇಕಲ್ಲ. ಅದಕ್ಕೇ ಒಂದು ಏರ್ಪಾಡು ಮಾಡಿಕೊಂಡೆವು. ಮಿಂಚು ಕಂಡಕೂಡಲೇ ಅವರು ಎಣಿಸುವುದು, ಗುಡುಗು ಕೇಳಿದಾಗ ಹಿಂದೆ ನಿಂತ ನಾನು ಅವರ ಭುಜ ತಟ್ಟುವುದು. ಮೂವತ್ತರೊಳಗೆ ತಟ್ಟಿದರೆ ಯಾರೂ ಟೆರೇಸಿಗೆ ಹೋಗುವಂತಿಲ್ಲ.

ಆ ಮೇ ತಿಂಗಳಲ್ಲಿ ಮೈಸೂರಿನಿಂದ ಅಮ್ಮ ಬಂದಿದ್ದಳು. ದೆಹಲಿಯ ಬಿಸಿಲು ಸುಮ್ಮನೆ ದಂಡವಾಗುತ್ತಿದೆ ಎಂದು ಟೆರೇಸಿನ ತುಂಬ ಅಕ್ಕಿ ಸಂಡಿಗೆ ಇಟ್ಟಳು. ಮೂರನೆಯ ದಿನ ಮಧ್ಯಾಹ್ನ ಆಕಾಶ ಕಂದಾಗಿ, ಗಾಳಿ ಎದ್ದಿತು. ಅಮ್ಮ ಮೊರ ಹಿಡಿದು ಹೊರಟೇಬಿಟ್ಟಳು. ಅಂಕಲ್ ಮೆಟ್ಟಿಲಲ್ಲಿ ತಡೆದರು.

"ಒಂದು ನಿಮಿಷ ತಾಯಿ. ಲೆಕ್ಕ ಹಾಕಿ ಹೇಳ್ತೀನಿ."

ಮೆಟ್ಟಿಲ ಕಿಟಕಿಯಲ್ಲಿ ಮಿಂಚಿತು. ಅವರು ಹೊರಗೆ ನೋಡುತ್ತ ಎಣಿಸತೊಡಗಿದರು. ನಾನು... ನನ್ನ ಕೈಗಳು ತಾವಾಗಿಯೇ ಕಿವಿಗೆ ಹೋದವು. ಹತ್ತೂ ಹೆಸರು ಮತ್ತೆ ಮತ್ತೆ ಹೇಳಿ ಮುಗಿಸಿ ಕೈ ತೆಗೆದಾಗ ಎಲ್ಲೋ ದೂರದಲ್ಲಿ ಗುಡುಗಿದ್ದು ಕೇಳಿಸಿತು. ಭುಜ ತಟ್ಟಿದೆ.

"ಮೂವತ್ತಾರು. ಹನ್ನೆರಡು ಕಿಲೋಮೀಟರ್. ಚಲೋ, ಟೈಮಿದೆ. ಬೇಗ ಹೋಗಿ ಬನ್ನಿ ತಾಯಿ."

ಅಮ್ಮನಿಗೆ ಈ ಲೆಕ್ಕ ಏನೆಂದೇ ಗೊತ್ತಿರಲಿಲ್ಲ. ಹೋಗು ಎಂದಿದ್ದೇ ತಡ, ಮೇಲೆ ಓಡಿದಳು. ನಡುವೆ ಒಂದು ಗುಡುಗು ತಪ್ಪಿಹೋಗಿರಬಹುದು ಎಂದು ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಇಷ್ಟು ದೊಡ್ಡ ಹೆಂಗಸು ಕಿವಿ ಮುಚ್ಚಿಕೊಂಡೆ ಎಂದು ಹೇಗೆ ಹೇಳುವುದು?

ಮತ್ತೆ ಮಿಂಚಿತು. ಈ ಸಲ ಕೈಗಳನ್ನು ಸೆರಗಿನಲ್ಲಿ ಬಿಗಿಹಿಡಿದು ನಿಂತೆ. ನಾನು ನಾಲ್ಕು ಎಣಿಸುವುದರೊಳಗೆ ಕಿಟಕಿಯ ಗಾಜು ನಡುಗಿತು. ಅಂಕಲ್‌ಗೆ ಕೂಗಿ ವಿವರಿಸುವಷ್ಟು ಸಮಯವಿರಲಿಲ್ಲ. ಅವರ ಮುಂದೆ ಹೋಗಿ, ಎರಡೂ ಕಿವಿಗೆ ಬೆರಳಿಟ್ಟು ತೋರಿಸಿದೆ.

ಮೊದಲ ಸಲ ನಾನು ಕಿವಿ ಮುಚ್ಚಿದ್ದೆನೆಂದು ಅವರಿಗೆ ಅರ್ಥವಾಯಿತು. ಮಂಡಿನೋವಿನ ಆ ಮನುಷ್ಯ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದರು. ಅಮ್ಮನ ರಟ್ಟೆ ಹಿಡಿದು ಎಳೆದುಕೊಂಡು ಅವರು ಬಾಗಿಲೊಳಗೆ ಬಂದರು, ಹಿಂದೆಯೇ ಎಲ್ಲ ಬೆಳ್ಳಗಾಯಿತು. ಪಕ್ಕದ ಟೆರೇಸಿನ ಆಂಟೆನಾ ಕಂಬ ಸುಟ್ಟು ಬಾಗಿತ್ತು.

ಅಮ್ಮನ ಮೊರ ಮೇಲೆಯೇ ಉಳಿದಿತ್ತು. "ಹೋಗು ಅಂದೋರೂ ನೀವೇ, ಎಳೆದೋರೂ ನೀವೇ," ಎಂದು ಸಂಡಿಗೆಗಾಗಿ ಗೊಣಗಿದಳು. ಅಂಕಲ್ ನನ್ನ ಕಡೆ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿದೆ.

"ಎಣಿಸೋದ್ರಲ್ಲಿ ನಾನೇ ತಪ್ಪಿದೆ, ತಾಯಿ," ಎಂದರು.

ಜೀವಮಾನವಿಡೀ ಎಣಿಕೆ ತಪ್ಪದಿದ್ದುದೇ ಅವರ ಹೆಮ್ಮೆಯಾಗಿತ್ತು. ನಾವು ನೋಯ್ಡಾಕ್ಕೆ ಬಂದ ಮರುವರ್ಷ ಅವರು ತೀರಿಕೊಂಡರೆಂದು ಕೇಳಿದೆ. ಅಮ್ಮ ಈಗಲೂ ಫೋನಿನಲ್ಲಿ, "ಪಾಪ, ಒಳ್ಳೆಯವರು, ಆದ್ರೆ ಲೆಕ್ಕ ಬರ್ತಿರಲಿಲ್ಲ," ಎನ್ನುತ್ತಾಳೆ. ಅಲ್ಲ ಎಂದು ನಾನು ಒಂದು ಸಲವೂ ಹೇಳಿಲ್ಲ...

ನಿನ್ನೆ ಕಿಟಕಿ ಮುಚ್ಚುವಾಗ ಮಿಂಚಿತು. ಕಿವಿ ಮುಚ್ಚಲಿಲ್ಲ. ಎಣಿಸಿದೆ. ಹನ್ನೊಂದಕ್ಕೆ ಗುಡುಗು ಕೇಳಿತು. ಕೈ ತಾನಾಗಿ ಮುಂದೆ ಚಾಚಿತು. ತಟ್ಟಲು ಅಲ್ಲಿ ಭುಜವಿರಲಿಲ್ಲ.