ನಾಲ್ಕನೇ ಗೇರಿನ ಗುನುಗು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಕ್ಕನ ಹಳೇ ಕಾರಿನ ಗೇರ್‌ಬಾಕ್ಸ್ ಕೆಟ್ಟಿದೆ ಎಂಬ ಸುದ್ದಿಯನ್ನು ಮೊಟ್ಟಮೊದಲು ಹುಟ್ಟಿಸಿದವನು ನಾನು, ಅದೂ ಬಾಯಿ ಮುಚ್ಚಿಕೊಂಡು. ತುಟಿ ಬಿಗಿದು, ನಾಲಿಗೆಯ ಹಿಂಭಾಗವನ್ನು ಅಂಗುಳಕ್ಕೆ ಒತ್ತಿ, ಮೂಗಿನ ಬುಡದಿಂದ ಸಣ್ಣಗೆ ಒಂದು ಗುನುಗು ಹೊರಡಿಸುತ್ತಿದ್ದೆ. ಕೊಳವೆಯೊಳಗೆ ಸಿಕ್ಕಿಬಿದ್ದ ದುಂಬಿ ದಾರಿ ಕಾಣದೆ ಅಳುತ್ತಿರುವಂಥ ಸದ್ದು. ಅಕ್ಕ ವೇಗ ಹೆಚ್ಚಿಸಿದರೆ ಏರುತ್ತಿತ್ತು, ಕಾಲು ಸಡಿಲಿಸಿದರೆ ಇಳಿಯುತ್ತಿತ್ತು. ನನ್ನ ಮುಖ ಮಾತ್ರ ಕಿಟಕಿಯ ಕಡೆಗೆ, ಕುರಿ ನೋಡುವುದೇ ಜೀವನದ ಗುರಿ ಎನ್ನುವ ಹಾಗೆ. ಆ ಕಾರಿಗೆ ಹಾಕಿಸಿದ ಬೇರೆ ಗೇರ್‌ಬಾಕ್ಸಿನ ಖರ್ಚನ್ನು ಈಗಲೂ ತಿಂಗಳು ತಿಂಗಳು ತೀರಿಸುತ್ತಿರುವವನೂ ನಾನೇ.

ಅಣಕಿಸುವುದು ನನಗೆ ಚಿಕ್ಕಂದಿನ ಚಾಳಿ. ನಮ್ಮ ಮನೆಯ ಮಾಲೀಕರು ಬಾಡಿಗೆ ಏರಿಸುವ ಮುಂಚೆ ಕೆಮ್ಮುವ ಕೆಮ್ಮು, ಅಕ್ಕನ ಆಸ್ಪತ್ರೆಯ ದೊಡ್ಡ ಡಾಕ್ಟರು ಚೆನ್ನಾಗಿದೆ ಎನ್ನಲು ‘ಗ್ರ್ಯಾಂಡ್’ ಎನ್ನುವಾಗ ಎಳೆಯುವ ರಾಗ, ಫೋನಿನಲ್ಲಿ ದಾರಿ ಹೇಳುವ ಹೆಂಗಸು ದಾರಿ ತಪ್ಪಿದವರನ್ನು ಕನ್ನಡದಲ್ಲಿ ಬೈದರೆ ಹೇಗಿರುತ್ತದೆ, ಎಲ್ಲವೂ ಬರುತ್ತದೆ. ಕೆಲಸದ ಸಂದರ್ಶನದಲ್ಲಿ ನಾನೇ ಆಡಿದ ಇಂಗ್ಲಿಷನ್ನೂ ಬಿಟ್ಟಿಲ್ಲ. ಒಂದೇ ವಾಕ್ಯದಲ್ಲಿ ಏಳು ಸಲ ‘ಬೇಸಿಕಲಿ’ ಅಂದಿದ್ದೆ. ಅದನ್ನು ಮಾಡಿ ತೋರಿಸಿದಾಗ ಅಕ್ಕ ಊಟದ ತಟ್ಟೆ ಕೆಳಗಿಟ್ಟು ನಕ್ಕಿದ್ದಳು.

ಈ ಪರದೇಶದ ಗಾಲ್ವೇ ಪಟ್ಟಣದಲ್ಲಿ ಬಾಡಿಗೆ ಮನೆ ಸಿಗದೆ ನಾವಿಬ್ಬರೂ ಮುಕ್ಕಾಲು ಗಂಟೆ ದೂರದ ಒಂದು ಹಳ್ಳಿಯಲ್ಲಿದ್ದೆವು. ಅಕ್ಕನಿಗೆ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ, ನನಗೆ ವೈದ್ಯಕೀಯ ಯಂತ್ರ ತಯಾರಿಸುವ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಬಸ್ಸು ಅವಳ ಡ್ಯೂಟಿಗೂ ಸರಿಹೊಂದುತ್ತಿರಲಿಲ್ಲ, ನನ್ನ ಆಫೀಸಿಗೂ. ನಿವೃತ್ತರಾದ ಒಬ್ಬ ನರ್ಸಮ್ಮನಿಂದ ಅವಳು ಈ ಕಾರು ಕೊಂಡಿದ್ದಳು. ಆಯುಧಪೂಜೆಗೆ ಅದರ ಮುಂದೆ ಒಡೆಯಲು ಬೂದುಗುಂಬಳ ಸಿಗದೆ, ಇಲ್ಲಿಯವರು ದೆವ್ವದ ಮುಖ ಕೊರೆಯಲು ಇಟ್ಟುಕೊಳ್ಳುವ ಕಿತ್ತಳೆ ಬಣ್ಣದ ಕುಂಬಳ ತಂದು ಒಡೆದಿದ್ದೆವು. ಅದರ ಬೀಜ ಎರಡು ವಾರ ಅಂಗಳದಲ್ಲೇ ಇತ್ತು. ಒಂದು ಕಾಗೆಯೂ ಮುಟ್ಟಲಿಲ್ಲ.

ನನ್ನ ಗುನುಗು ಶುರುವಾದದ್ದು ಆಮೇಲೆ. ಹಳ್ಳಿ ಮತ್ತು ಪಟ್ಟಣದ ನಡುವೆ ಕಂದು ಬಣ್ಣದ ಜವುಗು ನೆಲ ಮೈಲಿಗಟ್ಟಲೆ ಹಬ್ಬಿದೆ. ಮರವಿಲ್ಲ, ಮನೆಯಿಲ್ಲ, ರಸ್ತೆ ಮಾತ್ರ ನೀರಿನ ಮೇಲೆ ಹಾಸಿದ ಚಾಪೆಯಂತೆ ಅಲೆಅಲೆಯಾಗಿ ಹೋಗುತ್ತದೆ. ಅಲ್ಲಿಗೆ ಬಂದಾಗ ಒಂದು ಬೆಳಿಗ್ಗೆ ಸುಮ್ಮನೆ ಗಂಟಲು ತುರಿಸಿತು. ಗುನುಗಿದೆ.

“ಲೋ, ಏನೋ ಸೌಂಡ್ ಬರ್ತಾ ಇದೆಯಲ್ಲ?” ಎಂದಳು ಅಕ್ಕ.

“ನಂಗೇನೂ ಕೇಳಿಸ್ತಿಲ್ಲಪ್ಪ.”

“ಗೇರ್ ಹತ್ರ ಕಣೋ. ಈಗ ನಿಂತೋಯ್ತು.”

ಇಷ್ಟು ಸಾಕಾಯಿತು ನನಗೆ. ಮೂರು ವಾರ ನಡೆಸಿದೆ. ಅವಳು ಎರಡು ಸಲ ಕಾರನ್ನು ನಮ್ಮ ಹಳ್ಳಿಯ ಮೆಕ್ಯಾನಿಕ್ ಹತ್ತಿರ ಒಯ್ದಳು. ಅವರು ಎರಡು ಸಲವೂ ಲಿಫ್ಟಿಗೆ ಏರಿಸಿ, ಏನೂ ಕಾಣದೆ, ನೋಡಿದ ಕೂಲಿ ತೆಗೆದುಕೊಂಡು ಕಳಿಸಿದರು. ಕಡೆಗೊಂದು ದಿನ ಜವುಗು ರಸ್ತೆಯಲ್ಲಿ ಅಕ್ಕ ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ನನ್ನ ಮೂಗು ಹಿಡಿದಳು. ಸದ್ದು ನಿಂತಿತು. ಮುಂದಿನದನ್ನು ವಿವರಿಸುವುದಿಲ್ಲ. ಆ ಎರಡು ಸಲದ ಕೂಲಿ ನಾನು ಕೊಟ್ಟೆ, ಒಂದು ತಿಂಗಳು ಅಡುಗೆ ನಾನು ಮಾಡಿದೆ, ಮೆಕ್ಯಾನಿಕ್ ಮುಂದೆ ನಿಂತು ಆ ಗುನುಗನ್ನು ಪೂರ್ತಿ ಒಪ್ಪಿಸಿ ಕ್ಷಮೆ ಕೇಳಿದೆ. ಅವರು ನಗಲಿಲ್ಲ. “ಇನ್ನೊಂದ್ಸಲ ಮಾಡು” ಎಂದು ತಲೆ ವಾರೆ ಮಾಡಿ ಕೇಳಿಸಿಕೊಂಡು, ಸುಮ್ಮನೆ ಒಳಗೆ ಹೋದರು. ಅವರು ಆಡಿದ್ದು ಇಂಗ್ಲಿಷು. ನನ್ನ ಕೈಗೆ ಸಿಕ್ಕ ಮೇಲೆ ಅವರೂ ಬೆಂಗಳೂರು ಕನ್ನಡವೇ ಆಡಬೇಕು.

ಅದಾದ ಮೇಲೆ ನಾನು ಆ ಸದ್ದು ಮಾಡಲೇ ಇಲ್ಲ. ಇದು ಸತ್ಯ. ಆದರೆ ಒಂದು ವಾರ ಕಳೆದ ಮೇಲೆ, ಜವುಗು ರಸ್ತೆಯಲ್ಲಿ, ಅಕ್ಕ ನನ್ನ ಭುಜ ಅಲುಗಾಡಿಸಿ “ಸಾಕು ನಿಲ್ಸೋ” ಎಂದಳು. ನಾನು ಗಾಢ ನಿದ್ದೆಯಲ್ಲಿದ್ದೆ. ಬಾಯಿಂದ ಜೊಲ್ಲು ಸುರಿದು ಸೀಟ್ ಬೆಲ್ಟ್ ಒದ್ದೆಯಾಗಿತ್ತು. ನಾನು ನಿದ್ದೆಯಲ್ಲಿದ್ದೆ ಎಂದರೆ ಅವಳು ನಂಬಲಿಲ್ಲ. ನನಗೋ, ನಿದ್ದೆಯಲ್ಲೂ ಕಲೆ ಕೈಬಿಟ್ಟಿಲ್ಲವಲ್ಲ ಎಂದು ಒಳಗೊಳಗೇ ಹೆಮ್ಮೆ. ಎಂಥ ಕತ್ತೆ ನಾನು.

ಆ ಹೊತ್ತಿಗೆ ಅಕ್ಕನಿಗೆ ವಾಟರ್‌ಫರ್ಡಿನ ದೊಡ್ಡ ಆಸ್ಪತ್ರೆಯಿಂದ ಸಂದರ್ಶನಕ್ಕೆ ಕರೆ ಬಂತು. ಮೈಸೂರಿನಲ್ಲಿ ಓದಿ ಬಂದ ಅವಳು ಇಲ್ಲಿ ಒಂದೊಂದು ವಾರ್ಡಿನಲ್ಲಿ ಆರಾರು ತಿಂಗಳ ಕೆಲಸ ಮಾಡುತ್ತಲೇ ವರ್ಷಗಳನ್ನು ಕಳೆದಿದ್ದಳು. ಇದು ತಜ್ಞೆಯಾಗಲು ಪೂರ್ತಿ ತರಬೇತಿ ಕೊಡುವ ಹುದ್ದೆ. ಸಂದರ್ಶನ ಒಂದೇ ದಿನ, ಇನ್ನೊಂದು ದಿನ ಕೊಡುವುದಿಲ್ಲವೆಂದು ಕಾಗದದಲ್ಲೇ ಬರೆದಿದ್ದರು. ಬೆಳಿಗ್ಗೆ ಬೇಗ ಹೊರಟು ಒಬ್ಬಳೇ ಕಾರಿನಲ್ಲಿ ಹೋಗುವುದೆಂದು ತೀರ್ಮಾನವಾಯಿತು. ಮೂರು ಗಂಟೆಗೂ ಮೀರಿದ ದಾರಿ, ಬಹುಪಾಲು ಹೆದ್ದಾರಿ.

ಹಿಂದಿನ ದಿನ ಅವಳು ರಜೆ ಹಾಕಿ ಓದುತ್ತಿದ್ದಳು. ನಾನೊಬ್ಬನೇ ಆಫೀಸಿಗೆ ಹೋಗಿ, ಮಧ್ಯಾಹ್ನಕ್ಕೇ ಹೊರಟು, ಟೈರಿಗೆ ಗಾಳಿ ಹೊಡೆಸಿ, ಟ್ಯಾಂಕ್ ತುಂಬಿಸಿ ಹಿಂದಿರುಗುತ್ತಿದ್ದೆ. ಜವುಗಿನ ಮೇಲೆ ಮಂಜು ಇಳಿದಿತ್ತು. ಸೂರ್ಯ ಎಲ್ಲೋ ಇದ್ದಾನೆ ಎನ್ನುವಷ್ಟು ಬೆಳಕು, ಆದರೆ ಹತ್ತು ಮಾರು ಆಚೆ ರಸ್ತೆಯೇ ಇಲ್ಲ. ರೇಡಿಯೋ ಆರಿಸಿದ್ದೆ.

ನಾಲ್ಕನೇ ಗೇರಿನಲ್ಲಿದ್ದಾಗ ಗುನುಗು ಕೇಳಿಸಿತು.

ಮೊದಲು ನಾನೇ ಅಂದುಕೊಂಡೆ. ಅಭ್ಯಾಸ ನೋಡಿ. “ಸಾಕು ನಿಲ್ಸೋ” ಎಂದು ಅಕ್ಕನ ದನಿಯಲ್ಲಿ ನನಗೇ ಹೇಳಿಕೊಂಡೆ. ಮಾತಾಡುವಾಗಲೂ ಗುನುಗು ನಿಲ್ಲಲಿಲ್ಲ. ಒಂದೇ ಬಾಯಲ್ಲಿ ಎರಡು ಸದ್ದು ಮಾಡುವ ವಿದ್ಯೆ ನನಗಿನ್ನೂ ಬಂದಿಲ್ಲ. ಗಂಟಲಿನ ಮೇಲೆ ಬೆರಳಿಟ್ಟು ನೋಡಿದೆ, ಅದುರುತ್ತಿರಲಿಲ್ಲ. ಮೂಗು ಹಿಡಿದುಕೊಂಡೆ. ಗುನುಗು ಹಾಗೇ ಇತ್ತು, ನನ್ನ ಮೊಣಕಾಲಿನ ಪಕ್ಕದಿಂದ.

ಕೆಟ್ಟುಹೋದ ಕಾರುಗಳ ಸದ್ದು ಬೇಕಾದಷ್ಟು ಕೇಳಿದ್ದೇನೆ. ಕಿರುಚುತ್ತವೆ, ಕೆಮ್ಮುತ್ತವೆ, ಬಡಿದುಕೊಳ್ಳುತ್ತವೆ. ಇದು ಹಾಗಿರಲಿಲ್ಲ. ಇದು ನನ್ನದೇ ಗುನುಗು. ನಾನು ಏರುವಾಗ ಮಧ್ಯದಲ್ಲಿ ಕೊಂಚ ನಡುಗಿಸುತ್ತಿದ್ದೆ. ಅದೂ ಅದೇ ಜಾಗದಲ್ಲಿ ನಡುಗಿತು. ನಾನು ಕೊನೆಯಲ್ಲಿ ಸ್ವಲ್ಪ ಮೂಗಿಗೆ ಎಳೆಯುತ್ತಿದ್ದೆ, ಅದೂ ಎಳೆಯಿತು. ಕ್ಲಚ್ ಒತ್ತಿದೆ. ತಟ್ಟನೆ ನಿಂತಿತು, ಬಾಗಿಲ ಹಿಂದೆ ನಿಂತು ಮಾತು ಕದ್ದು ಕೇಳುತ್ತಿದ್ದವರು ಉಸಿರು ಹಿಡಿದ ಹಾಗೆ. ಬಿಟ್ಟೆ. ಮತ್ತೆ ಶುರು.

ಆಗ ಮಾಡಬಾರದ ಕೆಲಸ ಮಾಡಿದೆ. ಅದರ ಜೊತೆಗೆ ನಾನೂ ಗುನುಗಿದೆ. ಎರಡೂ ಕೂಡಿ ಒಂದಾದವು. ಯಾವುದು ನನ್ನದು ಯಾವುದು ಅದರದು ತಿಳಿಯಲಿಲ್ಲ. ನಾನು ನಿಲ್ಲಿಸಿದಾಗ ಏನೂ ಕಡಿಮೆಯಾದಂತೆ ಅನಿಸಲಿಲ್ಲ. ಇಷ್ಟು ವರ್ಷ ನನ್ನಿಂದ ಅಣಕಿಸಿಕೊಂಡವರಿಗೆಲ್ಲ ಹೇಗಾಗಿರಬಹುದೆಂದು ಆ ಮಂಜಿನಲ್ಲಿ ಮೊದಲ ಸಲ ಗೊತ್ತಾಯಿತು. ಕಿಟಕಿ ಇಳಿಸಿ, ಎರಡನೇ ಗೇರಿನಲ್ಲಿ ತೆವಳುತ್ತಾ ಹಳ್ಳಿ ಸೇರಿದೆ.

ನೇರ ಮೆಕ್ಯಾನಿಕ್ ಶೆಡ್ಡಿಗೆ ಹೋದರೆ ಅವರು ಊಟಕ್ಕೆ ಹೋಗಿದ್ದರು. ಒಂದು ಗಂಟೆ ಕಾದೆ. ಅರವತ್ತು ದಾಟಿದ ಮನುಷ್ಯ, ಕೈ ಒರೆಸಿಕೊಳ್ಳುತ್ತಾ ಬಂದು ನನ್ನನ್ನು ನೋಡಿ ನಿಂತರು.

“ಮತ್ತೆ ಬಂದ್ಯಾ? ಇವತ್ತು ಯಾವ ಪ್ರಾಣಿ?”

“ಇವತ್ತು ನಾನಲ್ಲ ಸರ್. ಕಾರೇ ಮಾಡ್ತಾ ಇದೆ.”

“ಹೌದೌದು. ನಮ್ಮನೆ ನಾಯಿನೂ ಟ್ಯಾಕ್ಸ್ ಕಟ್ಟುತ್ತೆ.”

ಆದರೂ ಬಂದರು. ಹೊರಡುವ ಮುಂಚೆ ಒಂದು ಸ್ಕ್ರೂಡ್ರೈವರ್ ತೆಗೆದು, ಹಿಡಿಯನ್ನು ಅಂಗಿಗೆ ಒರೆಸಿ, “ಹಲ್ಲಲ್ಲಿ ಕಚ್ಕೋ” ಎಂದರು. ಬಾಯಿ ತೆರೆದಿದ್ದರೆ ಆ ಗುನುಗು ಬರುವುದಿಲ್ಲವೆಂದು ಅವರು ಲೆಕ್ಕ ಹಾಕಿದ್ದರು. ಗ್ರೀಸಿನ ರುಚಿ ನೋಡುತ್ತಾ ಪಕ್ಕದ ಸೀಟಿನಲ್ಲಿ ಕೂತೆ. ಚರ್ಚಿನ ತನಕ ಹೋದೆವು, ಶಾಲೆ ಸುತ್ತಿ ಬಂದೆವು. ಮೂರನೇ ಗೇರು, ನಾಲ್ಕನೇ ಗೇರು. ಕಾರು ಪೂಜೆಗೆ ಕೂತ ಮಗುವಿನಷ್ಟು ಸಾಧುವಾಗಿತ್ತು. ಒಂದು ಚೂರು ಸದ್ದಿಲ್ಲ.

“ಕಾರು ಗ್ರ್ಯಾಂಡ್ ಆಗಿದೆ,” ಎಂದರು. “ಬೇರಿಂಗ್ ಹೋಗಿರೋದು ನಿಂದು.”

ಸ್ಕ್ರೂಡ್ರೈವರ್ ಬಾಯಿಂದ ತೆಗೆದು ಕೇಳಿದೆ: “ಒಂದು ವೇಳೆ ಗೇರ್‌ಬಾಕ್ಸ್ ಬೇರಿಂಗೇ ಹೋಗಿದ್ರೆ?”

“ಹೋಗಿದ್ರೆ ರಿಪೇರಿ ಖರ್ಚಿಗೆ ಇಂಥದೇ ಇನ್ನೊಂದು ಕಾರು ಬರುತ್ತೆ. ನಿನ್ನ ಮೂಗೇ ಇರ್ಲಿ ಅಂತ ಬೇಡ್ಕೋ.”

“ಹಾಗೇ ಓಡಿಸಿದ್ರೆ?”

ಅವರು ಈಗ ತಮಾಷೆ ಬಿಟ್ಟರು. “ಒಂದಿನ ಹಿಡ್ಕೊಳುತ್ತೆ. ಹೈವೇಲಿ ಹಿಡ್ಕೊಂಡ್ರೆ ಚಕ್ರ ಅಲ್ಲೇ ನಿಲ್ಲುತ್ತೆ. ಹಿಂದೆ ಬರೋ ಲಾರಿ ನಿಲ್ಲಲ್ಲ.”

ಬೇರಿಂಗ್ ಎಂದರೇನೆಂದು ನನಗೆ ಆಗ ಸರಿಯಾಗಿ ತಿಳಿದಿರಲಿಲ್ಲ. ಆಮೇಲೆ ಗೇರ್‌ಬಾಕ್ಸ್ ಬಿಚ್ಚಿಸಿದಾಗ ಅದರ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದ್ದೇನೆ. ವಿಭೂತಿಯಷ್ಟು ನುಣುಪು, ಬೆಳ್ಳಿಯ ಬಣ್ಣ. ಎಣ್ಣೆ ಕಾದು ತೆಳುವಾದ ಮೇಲಷ್ಟೇ ಅದು ಅಳುತ್ತಿತ್ತು, ಶೆಡ್ಡಿನ ಸುತ್ತ ಓಡಿಸಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ ಎಂದು ಮೆಕ್ಯಾನಿಕ್ಕೇ ಒಪ್ಪಿಕೊಂಡರು. ಆದರೆ ಆ ಮಧ್ಯಾಹ್ನ ನನ್ನ ಕೈಯಲ್ಲಿ ಇದ್ದದ್ದು ಹಲ್ಲಿನ ಗುರುತು ಬಿದ್ದ ಒಂದು ಸ್ಕ್ರೂಡ್ರೈವರ್, ಮತ್ತೆ ನನ್ನ ಮಾತು. ನನ್ನ ಮಾತಿನ ಬೆಲೆ ಊರಿಗೇ ಗೊತ್ತು.

ಮನೆಗೆ ಬಂದಾಗ ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತಿದ್ದಳು. ಇಸ್ತ್ರಿ ಮಾಡಿದ ಕೋಟು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಹೇಳಿದೆ. ತಲೆ ಎತ್ತಲಿಲ್ಲ.

“ನಾಳೆ ಒಂದಿನ ಬಿಡೋ. ನಾಡಿದ್ದು ಎಷ್ಟು ಬೇಕಾದ್ರೂ ನಗ್ತೀನಿ.”

“ಅಕ್ಕ, ಈ ಕಾರಲ್ಲಿ ಹೋಗ್ಬೇಡ.”

“ಸರಿ ಕಣೋ, ಓದೋಕೆ ಬಿಡು.”

“ಅಮ್ಮನಾಣೆ.”

ಆಣೆಗೆ ಬಗ್ಗುವವಳಲ್ಲ ಅವಳು. ಅಮ್ಮನ ಮೇಲೆ ನಾನು ಇಟ್ಟ ಆಣೆಗಳ ಸಂಖ್ಯೆ ಅವಳಿಗೆ ಗೊತ್ತು. ಆದರೆ ಕಾರಿನ ಕೀಲಿಯನ್ನು ನಾನು ಕೈಯಿಂದ ಬಿಡದೆ ನಿಂತದ್ದನ್ನು ನೋಡಿದಳು. ಪೆನ್ನು ಕೆಳಗಿಟ್ಟಳು. ಆಸ್ಪತ್ರೆಯಲ್ಲಿ ರೋಗಿಯ ಮುಂದೆ ಕೂರುವಂತೆ ಮೊಣಕೈ ಊರಿ ನನ್ನತ್ತ ತಿರುಗಿದಳು.

“ಕಥೆ ಬೇಡ. ಇವತ್ತು ಕೇಳಿಸಿದ ಸೌಂಡ್ ಮಾಡು. ಒಂದು ಚೂರೂ ಸೇರಿಸ್ಬೇಡ.”

ಮಾಡಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು.

“ಕ್ಲಚ್ ಒತ್ತಿದೀನಿ.”

ನಿಲ್ಲಿಸಿದೆ.

“ಬಿಟ್ಟೆ.”

ಮತ್ತೆ ಗುನುಗಿದೆ.

“ಎರಡನೇ ಗೇರು.”

ಸುಮ್ಮನಾದೆ. ಎರಡರಲ್ಲಿ ಅದು ಬಂದಿರಲಿಲ್ಲ.

“ಹೊರಟು ಎಷ್ಟೊತ್ತಿಗೆ ಬಂತು?”

“ಅರ್ಧ ಗಂಟೆ ಆಗಿತ್ತೇನೋ.”

ಅವಳು ಕಣ್ಣು ತೆರೆದಳು. ನನ್ನನ್ನು ನೋಡಿದ ಬಗೆ ಬೇರೆಯಾಗಿತ್ತು. ತಮ್ಮನನ್ನು ನೋಡುವ ಹಾಗಿರಲಿಲ್ಲ.

“ಅವಾಗ ಮೂರು ವಾರ ಆಟ ಆಡಿಸ್ದೆಯಲ್ಲ. ಅವಾಗ್ಲೂ ಅಷ್ಟೊತ್ತಾದ್ಮೇಲೇ ಶುರು ಮಾಡ್ತಿದ್ದೆ. ಒಂದಿನಾನೂ ಮನೆ ಹತ್ರ ಮಾಡ್ಲಿಲ್ಲ. ಯಾಕೆ?”

“ಗೊತ್ತಿಲ್ಲ. ಅಲ್ಲಿಗೆ ಹೋದ್ರೆ ಗಂಟಲು ತುರಿಸ್ತಿತ್ತು.”

“ನಾನು ಕ್ಲಚ್ ಒತ್ತಿದಾಗೆಲ್ಲ ನಿಲ್ಲಿಸ್ತಿದ್ದೆ. ಹಾಗೆ ನಿಲ್ಲಿಸ್ಬೇಕು ಅಂತ ಯಾರು ಹೇಳ್ಕೊಟ್ರು?”

ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ನನಗೆ ಅವಳ ಕಾಲು ಕಾಣುತ್ತಲೇ ಇರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ನಿಲ್ಲಿಸಬೇಕು ಅನಿಸುತ್ತಿತ್ತು, ನಿಲ್ಲಿಸುತ್ತಿದ್ದೆ. ಹೊರಗೆ ಅಂಗಳದಲ್ಲಿ ಕಾರು ಆರುತ್ತಾ ಟಿಕ್ ಟಿಕ್ ಎನ್ನುತ್ತಿತ್ತು.

“ಅಕ್ಕ, ಆ ಸೌಂಡ್ ನಾನೇ ಹುಟ್ಟಿಸಿದ್ದು,” ಎಂದೆ. “ಸ್ವಂತದ್ದು. ಅದಕ್ಕೆ ಮುಂಚೆ ಎಲ್ಲೂ ಇರ್ಲಿಲ್ಲ.”

ಅಕ್ಕ ಕಾರಿನ ಕೀಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಡ್ರಾಯರಿನೊಳಗೆ ಹಾಕಿದಳು.

“ಹುಟ್ಟಿದಾಗಿಂದ ಎಲ್ಲೂ ಕೇಳದೇ ಇರೋ ಸೌಂಡು ಒಂದಾದ್ರೂ ಮಾಡಿದ್ದೀಯೇನೋ ನೀನು? ಅವಾಗ್ಲೂ ನೀನು ಅಣಕಿಸ್ತಿದ್ದದ್ದು ಈ ಕಾರನ್ನೇ ಕಣೋ. ವಾಟರ್‌ಫರ್ಡಿಗೆ ಬೆಳಿಗ್ಗೆ ಬಸ್ ಎಷ್ಟೊತ್ತಿಗಿದೆ ನೋಡು.”