ಬೆಂಗೇರಿಯ ಹೊಲದಲ್ಲಿ ಅವ್ವ

ಹೆಣ್ಣುಮಕ್ಕಳ ಸಾಲೆಯಲ್ಲಿ ನಾನು ಇತಿಹಾಸ ಕಲಿಸಲು ಸೇರಿದ ಹೊಸತು. ಮಧ್ಯಯುಗದ ಯುರೋಪಿನ ಹಳ್ಳಿಯ ಪಾಠ ನಡೆದಿತ್ತು. ಧಣಿಯ ಹೊಲದಲ್ಲಿ ಬಿಟ್ಟಿ ಗೇಯುವ ಒಕ್ಕಲು, ಕಾಳನ್ನು ಧಣಿಯ ಗಿರಣಿಯಲ್ಲೇ ಬೀಸಿಸಬೇಕೆಂಬ ಕಟ್ಟಳೆ, ಚಳಿಗಾಲದಲ್ಲಿ ಮಂದಿ ದನ ಒಂದೇ ಸೂರಿನಡಿ ಮಲಗುವುದು. "ಅಕ್ಕಾರ, ನಮ್ಮಜ್ಜನ ಊರು ಇದ್ದಂಗ ಐತ್ರಿ ಇದು" ಎಂದು ಒಬ್ಬಳು ಅಂದಾಗ ಎಲ್ಲರೂ ನಕ್ಕರು. ಸತ್ತವರನ್ನು ಅವರು ಚರ್ಚಿನ ಅಂಗಳದಲ್ಲೇ, ಕಾಲು ಪೂರ್ವಕ್ಕೆ ಮಾಡಿ ಮಲಗಿಸುತ್ತಿದ್ದರಂತೆ. ಕಡೆಯ ದಿನ ಎದ್ದಾಗ ಮೂಡುವ ಸೂರ್ಯನಿಗೆ ಎದುರಾಗಲಿ ಎಂದು. ಪ್ಲೇಗು ಬಂದಾಗ ಪಾದ್ರಿಗಳೂ ಸತ್ತರು, ಉಳಿದವರು ಓಡಿದರು. ಆಗೊಬ್ಬ ದೊಡ್ಡ ಪಾದ್ರಿ ಅಪ್ಪಣೆ ಕೊಟ್ಟನಂತೆ: ಪಾದ್ರಿ ಸಿಗದಿದ್ದರೆ ಸಾಯುವವರು ತಮ್ಮ ಪಾಪವನ್ನು ಯಾರ ಮುಂದಾದರೂ ಹೇಳಿಕೊಳ್ಳಲಿ, ಹೆಂಗಸಾದರೂ ಸರಿ. "ಹೆಂಗಸಾದ್ರೂ ಸರಿಯಂತ ನೋಡ್ರಿ!" ಎಂದು ಹುಡುಗಿಯರು ಕಿಸಕ್ಕನೆ ನಕ್ಕರು. ನನಗೆ ಮುಂದೆ ಓದಲಾಗಲಿಲ್ಲ.

ನನ್ನ ಅವ್ವ ಪ್ಲೇಗಿನಲ್ಲೇ ಹೋದವಳು. ನಾನಾಗ ಇನ್ನೂ ತೊದಲುತ್ತಿದ್ದೆ. ಇಲಿ ಸತ್ತು ಬಿದ್ದವೆಂದು ಕಮರಿಪೇಟೆಯ ನಮ್ಮ ಓಣಿಗೆ ಓಣಿಯೇ ಮನೆಗಳಿಗೆ ಬೀಗ ಜಡಿದು ಊರ ಹೊರಗಿನ ಬೆಂಗೇರಿಯ ಹೊಲಗಳಲ್ಲಿ ಗುಡಿಸಲು ಹಾಕಿತ್ತು. ಅವ್ವ ಅಲ್ಲಿ ಸತ್ತಳು. ಕ್ರಿಯೆ ಮಾಡಿಸಲು ಅಯ್ಯನವರು ಬರಲಿಲ್ಲ, ಬಂಧುಗಳು ಹತ್ತಿರ ಸುಳಿಯಲಿಲ್ಲ. ಮಣ್ಣು ಮಾಡಿದವನು ನಮ್ಮ ಓಣಿಯ ಕಲಾಯಿ ಕಾಕಾ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವ ಮುಸಲ್ಮಾನ. ಲಿಂಗವಂತರಾದ ನಾವು ಸತ್ತವರನ್ನು ಮಲಗಿಸುವುದಿಲ್ಲ. ಕುಣಿಯಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತೇವೆ. ಅವರಲ್ಲಿ ಮಲಗಿಸುತ್ತಾರೆ. ಕಾಕಾ ಅವ್ವನನ್ನು ಹೇಗಿಟ್ಟನೋ ಯಾರಿಗೂ ಗೊತ್ತಿರಲಿಲ್ಲ.

ಅರಳೆ ವ್ಯಾಪಾರಿಯಾದ ನನ್ನ ಅಪ್ಪನನ್ನು ಈ ಪ್ರಶ್ನೆ ಒಳಗೊಳಗೇ ತಿಂದುಹಾಕಿತ್ತು. ಉಣ್ಣುತ್ತ ಕುಳಿತವನ ಕೈ ತಟ್ಟೆಯಲ್ಲೇ ನಿಂತುಬಿಡುತ್ತಿತ್ತು. "ಕುಂತಾಳೋ ಇಲ್ಲೋ" ಎನ್ನುತ್ತಿದ್ದ. ಅವ್ವ ಕನಸಿನಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಾಳಂತೆ, ಕೂಡು ಎಂದರೆ ಕೂಡುವುದಿಲ್ಲವಂತೆ. ಅದನ್ನೇ ಕೇಳಿ ಬೆಳೆದ ನನಗೆ ಹೊಸ್ತಿಲು ದಾಟುವಾಗೆಲ್ಲ ಅಲ್ಲಿ ನಿಂತ ಯಾರನ್ನೋ ಸರಿಸಿ ಒಳಗೆ ಬಂದಂತಾಗುತ್ತಿತ್ತು. ಈ ವಯಸ್ಸಿನಲ್ಲೂ ಆಗುತ್ತದೆ.

"ಕಾಕಾನ್ನ ಕೇಳಬಾರದೇನಪಾ? ಇಲ್ಲೇ ಓಣ್ಯಾಗ ಅದಾನ" ಎಂದರೆ ಅಪ್ಪ ತಲೆ ತಗ್ಗಿಸುತ್ತಿದ್ದ. "ಆವಾಗ ನನಗ ಜ್ವರ ಏರಿತ್ತು, ಮೈಮ್ಯಾಲೆ ಎಚ್ಚರಿದ್ದಿಲ್ಲ. ಈಗ ಯಾವ ಬಾಯಿಲೆ ಕೇಳ್ಲಿ?" ಪಾತ್ರೆಗಳನ್ನು ಕಲಾಯಿಗೆ ಒಯ್ಯುವುದಕ್ಕೂ ನನ್ನನ್ನೇ ಕಳಿಸುತ್ತಿದ್ದ. ಎಲ್ಲ ಮಡಿಯ ಬಿಂಕ ಎಂದು ನಾನು ಉರಿದುಕೊಳ್ಳುತ್ತಿದ್ದೆ.

ಆ ಪಾಠದ ದಿನ ಸಾಲೆ ಬಿಟ್ಟೊಡನೆ ನೆಟ್ಟಗೆ ಕಾಕಾನ ಅಂಗಡಿಗೆ ಹೋದೆ. ಕಲಾಯಿಗೆ ಹಾಕುವ ನವಸಾಗರದ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಅವನೊಂದು ಹಂಡೆ ತಿಕ್ಕುತ್ತಿದ್ದ. ನಿಂತಲ್ಲೇ ಕೇಳಿದೆ.

"ಮಲಗಿಸೀನಿ ಮಗಳ" ಎಂದ. "ಮಾರಿ ಪಶ್ಚಿಮಕ್ಕ ಮಾಡಿ. ನಮ್ಮವ್ವಗ ಮಾಡಿದಂಗ."

ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮೊಳಗ ಕುಂಡ್ರಸ್ತಾರ ಅನ್ನೂದು ನಿಮಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತವಾ. ಕುಣಿ ನಿಮ್ಮ ಪದ್ಧತಿಲೇನ ತೋಡಿದ್ದೆ. ಕುಂಡ್ರಸಿದೆ, ವಾಲಿದಳು. ಮತ್ತ ಕುಂಡ್ರಸಿದೆ, ಮತ್ತ ವಾಲಿದಳು. ಒಬ್ರು ಹಿಡೀಬೇಕು, ಒಬ್ರು ಮಣ್ಣು ಹಾಕಬೇಕು. ನಾ ಒಬ್ಬಾವ. ಕಡೀಕ ನಾನೂ ಕುಣಿಯಾಗ ಇಳದು ಆಕಿ ಬೆನ್ನಿಗೆ ಬೆನ್ನು ಕೊಟ್ಟು ಕುಂತೆ. ಅಲ್ಲಿಂದನ ಗುಡಸಲ ಕಡೆ ಕೂಗಿದೆ, ಒಬ್ಬರರ ಬರ್ರೋ, ಹಿಡ್ಯಾಕ ಒಬ್ಬರರ ಬರ್ರೋ ಅಂತ. ಗಂಟಲ ಹರೀತು. ಯಾರೂ ಬರ್ಲಿಲ್ಲ. ಹೊತ್ತು ಮುಣಗಾಕ ಬಂದಿತ್ತು. ಆಮ್ಯಾಲೆ ಕುಣಿ ಉದ್ದ ಮಾಡಿ ಮಲಗಿಸಿದೆ. ಲಿಂಗ ನಾ ಮುಟ್ಟಬಾರದಂತ ಕೊಳ್ಳಾಗ ಹಂಗ ಬಿಟ್ಟೆ."

ಅವನ ಮೇಲಿದ್ದ ಸಿಟ್ಟೆಲ್ಲ ಆ ಗುಡಿಸಲುಗಳವರ ಮೇಲೆ ತಿರುಗಿತು. ಬೆನ್ನು ಕೊಟ್ಟು ಕುಳಿತ ಇಬ್ಬರು, ಒಬ್ಬಳು ಸತ್ತವಳು, ಒಬ್ಬ ಕೂಗುತ್ತಿರುವವನು: ಅದು ಕಣ್ಣಿಗೆ ಕಟ್ಟಿಬಿಟ್ಟಿತು. ಅಳುತ್ತಲೇ ಮನೆಗೆ ಬಂದೆ.

ಅಪ್ಪ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದ. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಬಾಯಿಗೆ ಬಂದಂತೆ ಬೈದೆ. "ಅಷ್ಟೂ ಗುಡಸಲದಾಗ ಒಬ್ಬರಿಗೂ ಕಿವಿ ಇದ್ದಿಲ್ಲೇನು? ಕೇಳಿಸಿಕೊಂಡು ಸುಮ್ಮನ ಕುಂತಾವರು ಹಾಳಾಗಿ ಹೋಗ್ಲಿ!"

ಅಪ್ಪ ಅಡಕೊತ್ತನ್ನು ಕೆಳಗಿಟ್ಟ.

"ಹಂಗ ಅನಬ್ಯಾಡವಾ" ಎಂದ. "ನನಗ ಜ್ವರ ಬಂದಿದ್ದಿಲ್ಲ. ಅಂವ ಕೂಗಿದ್ದು ಅಷ್ಟೂ ಕೇಳಿಸ್ತು. ನೀ ಅಂಜಿ ಅಳಾಕತ್ತಿದ್ದಿ. ನಿನ್ನ ಕಿವಿ ಮುಚ್ಚಿ ಹಿಡಕೊಂಡು ಒಳಗ ಕುಂತಿದ್ದೆ."